ಮಲ್ಲಯ್ಯನ ಬೆಟ್ಟಕ್ಕೆ ಯಾವ ಪುಸ್ತಕ ಹಿಡಿದು ನಡೆಯಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಹೊಲದಲ್ಲಿ ನಿಂತು ಸುತ್ತ ನೋಡಿದರೆ ಬೆಟ್ಟ ಅನ್ನುವಂಥದ್ದು ಕಣ್ಣಿಗೆ ಬೀಳುವುದು ಕಡಿಮೆ. ಬಡಗಣಕ್ಕೆ ಭೀಮಾ, ತೆಂಕಣಕ್ಕೆ ಕೃಷ್ಣಾ, ನಡುವೆ ಡೋಣಿ. ಉಳಿದದ್ದೆಲ್ಲ ಜೋಳ, ತೊಗರಿ, ಕಡಲೆಯ ಬಯಲು. ಆದರೆ ಇದೇ ಬಯಲಿನ ಸಾವಿರಾರು ಜನ ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆ ಕಳೆಯುತ್ತಲೇ, ಹೆಗಲ ಮೇಲೆ ಹೊತ್ತ ಊರ ಕಂಬಿಯ, ಅಂದರೆ ಕಾವಡಿಯ, ಹಿಂದೆ ಬರಿಗಾಲಲ್ಲಿ ಹೊರಟುಬಿಡುತ್ತಾರೆ. ಕೃಷ್ಣೆ ದಾಟಿ, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು ಹಾದು, ನಲ್ಲಮಲ ಬೆಟ್ಟಸಾಲಿನ ಕಾಡು ಹೊಕ್ಕು ಯುಗಾದಿಯ ಹೊತ್ತಿಗೆ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ಶ್ರೀಶೈಲ ಮುಟ್ಟುತ್ತಾರೆ. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಕನ್ನಡದಲ್ಲಿ ಚಾರಣದ ಬಗ್ಗೆ ಬರೆಯುವವರು ಕುಮಾರ ಪರ್ವತ, ಮುಳ್ಳಯ್ಯನಗಿರಿ, ಕುದುರೆಮುಖಗಳ ಆಚೆ ನೋಡುವುದೇ ಇಲ್ಲ. ಉತ್ತರ ಕರ್ನಾಟಕದ ಇಷ್ಟು ದೊಡ್ಡ ಬೆಟ್ಟದ ನಡಿಗೆ ಅವರ ಲೆಕ್ಕಕ್ಕೇ ಬಂದಿಲ್ಲ.

ಹಾಗಾದರೆ ಈ ದಾರಿಗೆ ಯಾವ ಪುಸ್ತಕ ನಂಬಬೇಕು? ಕಂಬಿಯ ಹಿರಿಯರ ಜೊತೆ ಹೋಗುವವರಿಗೆ ಈ ಪ್ರಶ್ನೆ ಏಳದಿರಬಹುದು. ಆದರೆ ಈಗ ಇಬ್ಬರು ಮೂವರು ಗೆಳೆಯರು ತಾವೇ ಹೊರಡುವುದುಂಟು. ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕಿರುವವರು ರಜೆ ಹಾಕಿ ಆತ್ಮಕೂರಿಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ಕಾಡಿನ ಭಾಗವನ್ನಷ್ಟೇ ನಡೆಯುವುದುಂಟು. ಅಂಥವರ ಕೈಗೆ ಏನು ಸಿಗುತ್ತದೆ ಎಂದು ಒಂದೊಂದಾಗಿ ಎತ್ತಿ ನೋಡುವುದು ಈ ಲೇಖನದ ಕೆಲಸ.

ಮೊದಲು ದಾರಿಯನ್ನೇ ತಿಳಿದುಕೊಳ್ಳಬೇಕು. ಆತ್ಮಕೂರಿನವರೆಗೆ ಡಾಂಬರು ರಸ್ತೆ, ಊರೂರಿಗೆ ದಾಸೋಹ, ಮಜ್ಜಿಗೆ, ನೆರಳು. ಅಲ್ಲಿ ಪುಸ್ತಕದ ಅಗತ್ಯವೇ ಬೀಳುವುದಿಲ್ಲ. ಆತ್ಮಕೂರು ದಾಟಿದ ಮೇಲೆ ವಾಹನದ ರಸ್ತೆ ದೋರ್ನಾಲದ ಮೂಲಕ ಬೆಟ್ಟವನ್ನು ಬಳಸಿಕೊಂಡು ಶ್ರೀಶೈಲಕ್ಕೆ ಹೋಗುತ್ತದೆ. ಕಾಲುದಾರಿ ಮಾತ್ರ ವೆಂಕಟಾಪುರದ ಬಳಿ ಕಾಡು ಸೇರಿ, ನಾಗಲೂಟಿಯ ವೀರಭದ್ರ ದೇವಾಲಯ, ಚೆಂಚು ಜನರ ನೆಲೆಯಾದ ಪೆಚ್ಚೆರುವು, ಮಠಂಬಾವಿ, ಭೀಮನಕೊಳ್ಳ, ಕೈಲಾಸದ್ವಾರ, ಹಾಟಕೇಶ್ವರ ಎಂದು ನೇರ ಏರುತ್ತದೆ. ಭೀಮನಕೊಳ್ಳ ಆಳವಾದ ಕಣಿವೆ. ಇಳಿದು ಮತ್ತೆ ಕಲ್ಲಿನ ಮೆಟ್ಟಿಲು ಹತ್ತಬೇಕು. ಹತ್ತಿದರೆ ಕೈಲಾಸದ್ವಾರ. ನೂರಾರು ಕಿಲೋಮೀಟರು ಸಮತಟ್ಟು ನೆಲದಲ್ಲಿ ನಡೆದು ಬಂದ ಕಾಲಿಗೆ ಇದೇ ಮೊದಲ ನಿಜವಾದ ಏರು, ಅದೂ ಕೊನೆಯ ದಿನಗಳಲ್ಲಿ. ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದವನು ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ, 14ನೆಯ ಶತಮಾನದಲ್ಲಿ. ಅಂದರೆ ಈ ಬೆಟ್ಟ ಹತ್ತುವವರ ಕಷ್ಟ ಆಗಿನಿಂದಲೂ ಯಾರಾದರೊಬ್ಬರ ಗಮನಕ್ಕೆ ಬಂದದ್ದೇ.

ಶ್ರೀಶೈಲದ ಪೇಟೆಯಲ್ಲಿ ಸಿಗುವ ಸ್ಥಳಮಹಾತ್ಮೆಯ ಪುಸ್ತಿಕೆಗಳನ್ನು ದಾರಿಗೆ ನಂಬುವಂತಿಲ್ಲ. ಅವು ಬೇರೆಯದೇ ಕೆಲಸದ ಪುಸ್ತಕಗಳು. ಮಲ್ಲಿಕಾರ್ಜುನ, ಭ್ರಮರಾಂಬೆ, ಪಾತಾಳಗಂಗೆ, ಅಕ್ಕಮಹಾದೇವಿಯ ಕದಳಿವನ, ಇವೆಲ್ಲವನ್ನೂ ಅವು ಭಕ್ತಿಯಿಂದ ಹೇಳುತ್ತವೆ, ಹೇಳಬೇಕು ಕೂಡ. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಸೊನ್ನಲಿಗೆಯ ಹುಡುಗ ಮಲ್ಲಯ್ಯನನ್ನು ಹುಡುಕಿಕೊಂಡು ಯಾತ್ರಿಕರ ಹಿಂದೆ ಹೊರಟದ್ದು, ಕಡೆಗೆ ಕಮರಿಯ ಅಂಚಿಗೆ ಬಂದು ನಿಂತದ್ದು ಇದೆ. ಸೊನ್ನಲಿಗೆ ಎಂದರೆ ಇಂಡಿಯ ನೆರೆಯ ಸೊಲ್ಲಾಪುರ. ನಮ್ಮ ಸೀಮೆಯವರು ಈ ದಾರಿ ಹಿಡಿದ ನೆನಪು ಅಷ್ಟು ಹಳೆಯದು. ಆದರೆ ಕಥೆ ಓದಿ ಹೊರಡಬಹುದು, ಕಥೆ ನಂಬಿ ನೀರು ಹುಡುಕಲಾಗದು.

ಇಂಗ್ಲಿಷರ ಬರಹಗಳೂ ಇವೆ. ಕಾಲಿನ್ ಮೆಕೆಂಜಿ 1794ರಲ್ಲಿ ಶ್ರೀಶೈಲಕ್ಕೆ ಬಂದಿದ್ದ. ಅವನ ವಿವರಣೆ ಏಷಿಯಾಟಿಕ್ ರಿಸರ್ಚಸ್‌ನ ಐದನೆಯ ಸಂಪುಟದಲ್ಲಿ ಅಚ್ಚಾಗಿದೆ. ದೇವಾಲಯದ ಪ್ರಾಕಾರದ ಕೆತ್ತನೆಗಳ ಮೇಲೆ ಅವನಿಗಿದ್ದ ಕುತೂಹಲ ದೊಡ್ಡದು; ಕಾಲ್ನಡಿಗೆಯವರಿಗೆ ಅದು ಅಷ್ಟಾಗಿ ಒದಗದು. 1884ರಲ್ಲಿ ಬಂದ ಬಿಜಾಪುರ ಜಿಲ್ಲೆಯ ಗ್ಯಾಜೆಟಿಯರ್, ಬಾಂಬೆ ಪ್ರೆಸಿಡೆನ್ಸಿ ಮಾಲೆಯ 23ನೆಯ ಸಂಪುಟ, ನಮ್ಮ ತಾಲ್ಲೂಕುಗಳ ನೆಲ, ನೀರು, ಸಂತೆ, ಬರಗಾಲಗಳ ಬಗ್ಗೆ ಇಂದಿಗೂ ತಿರುವಿ ನೋಡಬೇಕಾದ ಗ್ರಂಥ. ಆದರೆ ಅದು ಆಳುವವರ ಅಗತ್ಯಕ್ಕೆ ಬರೆದದ್ದು.

ನನ್ನ ಮಟ್ಟಿಗೆ ಈ ದಾರಿಯ ಮೇಲೆ ಬಂದ ನಿಜವಾದ ಮೊದಲ ಕೈಪಿಡಿ ತೆಲುಗಿನ ಕಾಶೀಯಾತ್ರಾ ಚರಿತ್ರೆ. ಬರೆದವರು ಏನುಗುಲ ವೀರಾಸ್ವಾಮಯ್ಯ, ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. 1830ರ ಮೇ 18ರಂದು ಮದರಾಸು ಬಿಟ್ಟು ಕಾಶಿಗೆ ಹೋಗಿ, 1831ರ ಸೆಪ್ಟೆಂಬರಿನಲ್ಲಿ ಮರಳಿದರು. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1838ರಲ್ಲಿ. ಆತ್ಮಕೂರು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಎಂದು ಅವರು ಬರೆದುಕೊಂಡು ಹೋದ ವಸ್ತಿಗಳ ಸಾಲು ಇಂದು ನಮ್ಮವರು ಹೇಳುವ ಸಾಲೇ. ಅವರ ಕಣ್ಣು ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು: ಈ ಊರಲ್ಲಿ ಅಂಗಡಿ ಇದೆಯೇ, ಇಳಿದುಕೊಳ್ಳಲು ಜಾಗ ಇದೆಯೇ, ನೀರು ಹೇಗಿದೆ, ದಾರಿ ಕಲ್ಲೋ ಮಣ್ಣೋ, ಡೋಲಿ ಹೊರುವವರು ಎಲ್ಲಿ ಸಿಗುತ್ತಾರೆ, ಕರ್ನೂಲಿನ ನವಾಬನ ಕಡೆಯವರು ಯಾತ್ರಿಕರಿಂದ ಏನು ವಸೂಲಿ ಮಾಡುತ್ತಾರೆ. ಹಿಂದೆ ಬರುವವನಿಗೆ ಏನು ಬೇಕೆಂಬ ಚಿಂತೆ ಅವರಿಗೆ ಇತ್ತು. ಬೆಟ್ಟದ ಸೊಬಗನ್ನು ಹೊಗಳುವುದು ಸುಲಭ. ‘ಇಲ್ಲಿ ಅಂಗಡಿ ಇಲ್ಲ, ಹಿಂದಿನ ಊರಿನಲ್ಲೇ ಅಕ್ಕಿ ಕಟ್ಟಿಕೊಳ್ಳಿ’ ಎಂಬಂಥ ವಿವರ ಕೊಡುವುದಕ್ಕೆ ನಡೆದವನೇ ಬೇಕು.

ಇಷ್ಟು ಹೇಳಿದ ಮೇಲೂ ವೀರಾಸ್ವಾಮಯ್ಯನವರ ಪುಸ್ತಕ ಹಿಡಿದು ಯುಗಾದಿಗೆ ಹೊರಟರೆ ತೊಂದರೆ ತಪ್ಪದು. ಅದಕ್ಕೆ ಪುಸ್ತಕ ಹಳತಾದದ್ದಷ್ಟೇ ಕಾರಣವಲ್ಲ. ಅವರು ಈ ಬೆಟ್ಟ ಹತ್ತಿದ್ದು ಜೂನ್ ಹೊತ್ತಿಗೆ, ಮುಂಗಾರಿನ ಕಾಲದಲ್ಲಿ. ನಮ್ಮವರು ಹತ್ತುವುದು ಫಾಲ್ಗುಣದ ಕೊನೆಗೆ. ನಲ್ಲಮಲದ ಕಾಡು ಎಲೆ ಉದುರುವ ಒಣ ಕಾಡು. ಜೂನಿನಲ್ಲಿ ಚಿಗುರಿ ನೆರಳು ಕೊಡುವ ಮರವೇ ಯುಗಾದಿಯ ಮುಂಚೆ ಬೋಳಾಗಿ ನಿಂತಿರುತ್ತದೆ. ಜೂನಿನ ಹಳ್ಳ ಮಾರ್ಚಿನಲ್ಲಿ ಮರಳು.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ಬೆಟ್ಟದ ದಾರಿಯ ಪುಸ್ತಕವನ್ನು ಅಳೆಯುವ ಮೊದಲ ಅಳತೆ ತಿಂಗಳು. ಬರೆದವನು ಯಾವ ತಿಂಗಳಲ್ಲಿ ನಡೆದ ಎಂದು ಹೇಳದ ಪುಸ್ತಕವನ್ನು ನೀರಿನ ವಿಷಯದಲ್ಲಿ ನಂಬಕೂಡದು. ಡೋಣಿ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೋಣಿಯಲ್ಲಿ ನೀರಿದ್ದರೂ ಅದು ಸವಳು. ಬಾವಿ ಕಂಡರೆ ನಮ್ಮ ಕಡೆಯವರು ನೀರು ಐತೇನು ಎಂದು ಕೇಳಿ ಅಷ್ಟಕ್ಕೇ ಬಿಡುವುದಿಲ್ಲ. ಸಿಹಿಯೋ ಸವಳೋ, ಬೇಸಿಗೆಯಲ್ಲಿ ಇರತದೋ ಬತ್ತತದೋ ಎಂದೂ ಕೇಳುತ್ತಾರೆ. ಬೆಟ್ಟದ ಪುಸ್ತಕಕ್ಕೂ ಇವೇ ಮೂರು ಪ್ರಶ್ನೆ ಹಾಕಬೇಕು.

ತಿಂಗಳು ಎಂದರೂ ಸಾಲದು. ಯುಗಾದಿ ಚಾಂದ್ರಮಾನದ ಹಬ್ಬ. 2024ರಲ್ಲಿ ಅದು ಏಪ್ರಿಲ್ 9ಕ್ಕೆ ಬಂತು. 2025ರಲ್ಲಿ ಮಾರ್ಚ್ 30ಕ್ಕೆ. 2026ರಲ್ಲಿ ಮಾರ್ಚ್ 19ಕ್ಕೆ. ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಸರಿದು ಏಪ್ರಿಲಿಗೆ ಹೋಗುತ್ತದೆ. ಮಾರ್ಚ್ 19ಕ್ಕೂ ಏಪ್ರಿಲ್ 9ಕ್ಕೂ ನಡುವೆ ಮೂರು ವಾರ. ಆ ಮೂರು ವಾರದಲ್ಲಿ ನಲ್ಲಮಲದ ಬಿಸಿಲು ಬೇರೆ, ಕೆರೆಯ ಮಟ್ಟ ಬೇರೆ. ಮಾರ್ಚಿನ ಯುಗಾದಿಗೆ ನಡೆದವನು ‘ಕುಂಟೆಯಲ್ಲಿ ನೀರಿತ್ತು’ ಎಂದು ಬರೆದದ್ದು ಸುಳ್ಳಲ್ಲ. ಏಪ್ರಿಲಿನ ಯುಗಾದಿಗೆ ಹೋಗುವವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ. ಬರೆದವನು ‘ಯುಗಾದಿಗೆ ಹೋಗಿದ್ದೆ’ ಎಂದರೆ ಇಸವಿ ಕೇಳಬೇಕು, ಪಂಚಾಂಗ ತೆಗೆದು ತಾರೀಕು ನೋಡಬೇಕು.

ಬೆಳದಿಂಗಳ ಮಾತೂ ಹಾಗೆಯೇ. ಬಿಸಿಲಿಗೆ ಹೆದರಿ ನಮ್ಮವರು ನಸುಕಿನಲ್ಲಿ, ಇಳಿಹೊತ್ತಿನಲ್ಲಿ ನಡೆಯುತ್ತಾರೆ. ಹುಣ್ಣಿಮೆಗೆ ಹೊರಟವರಿಗೆ ಊರ ಬಳಿಯ ರಸ್ತೆಯಲ್ಲಿ ತುಂಬು ಬೆಳಕು ಸಿಗುತ್ತದೆ. ದಿನ ಕಳೆದಂತೆ ಚಂದ್ರ ಕರಗುತ್ತ, ಕಾಡು ಹೊಗುವ ಹೊತ್ತಿಗೆ ಅಮಾವಾಸ್ಯೆ ಹತ್ತಿರ. ಶಿವರಾತ್ರಿಗೆ ಹೋಗುವವರಿಗೂ ಅಷ್ಟೇ, ಅದು ಕೃಷ್ಣಪಕ್ಷದ ಚತುರ್ದಶಿ. ಅಂದರೆ ಈ ಕಾಡಿನ ದಾರಿ ಜನರಿಗೆ ತೆರೆಯುವ ಎರಡು ಹಬ್ಬಗಳೂ ಕತ್ತಲ ರಾತ್ರಿಯ ಹಬ್ಬಗಳು. ಕಲ್ಲು ಮೆಟ್ಟಿಲಿನ ದಾರಿಗೆ ಬ್ಯಾಟರಿ ಬೇಕೇ ಬೇಕೆಂದು ಹೇಳದ ಕೈಪಿಡಿ ಈ ದಾರಿಯ ಪಂಚಾಂಗವನ್ನು ತಿಳಿಯದೆ ಬರೆದದ್ದು.

ಪುಸ್ತಕ ಕೊಳ್ಳುವ ಮುಂಚೆ ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೊಂದಿದೆ. ನಲ್ಲಮಲದ ಪುಟ ಬಿಟ್ಟು ನಿಮ್ಮ ಊರಿನ ಪುಟ ತೆಗೆಯಿರಿ. ವಿಜಯಪುರ ಎಂದಿದೆಯೋ, ಬಿಜಾಪುರ ಎಂದೇ ಇದೆಯೋ? ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಕೂಡಲಸಂಗಮವನ್ನು ಯಾವ ಜಿಲ್ಲೆಗೆ ಹಾಕಿದ್ದಾರೆ? ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಚಡಚಣ ಇಂಡಿಯಿಂದ, ದೇವರ ಹಿಪ್ಪರಗಿ ಸಿಂದಗಿಯಿಂದ, ತಾಳಿಕೋಟೆ ಮುದ್ದೇಬಿಹಾಳದಿಂದ, ನಿಡಗುಂದಿ ಮತ್ತು ಕೊಲ್ಹಾರ ಬಸವನ ಬಾಗೇವಾಡಿಯಿಂದ ಒಡೆದು ತಾಲ್ಲೂಕುಗಳಾಗಿವೆ. ಪುಸ್ತಕಕ್ಕೆ ಅದು ಗೊತ್ತಿದೆಯೇ? ಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋಗಿ ಹೊಸ ಊರು ಬೆಳೆದಿದೆ. ಹಳೆಯ ಊರಿನ ದಾರಿಯನ್ನೇ ಹೇಳುತ್ತಿದೆಯೇ? ನಿಮ್ಮ ಮನೆಯ ಸುತ್ತಲಿನದನ್ನೇ ತಪ್ಪು ಬರೆದವನು ನಿಮಗೆ ಗೊತ್ತಿಲ್ಲದ ಕಾಡನ್ನು ಸರಿಯಾಗಿ ಬರೆದಾನೆಂಬ ಭರವಸೆ ಇಲ್ಲ. ಗೊತ್ತಿರುವ ನೆಲದ ಮೇಲೆ ಪುಸ್ತಕವನ್ನು ಒರೆಗೆ ಹಚ್ಚಿ, ಆಮೇಲೆ ಗೊತ್ತಿಲ್ಲದ ನೆಲಕ್ಕೆ ಒಯ್ಯಬೇಕು.

ಆಚೆ ಕಡೆಯ ಪುಟಕ್ಕೂ ಇದೇ ಪರೀಕ್ಷೆ ಹಾಕಬಹುದು. ಶ್ರೀಶೈಲ, ಆತ್ಮಕೂರು ಎರಡೂ 2022ರ ಏಪ್ರಿಲ್‌ನಿಂದ ನಂದ್ಯಾಲ ಜಿಲ್ಲೆಗೆ ಸೇರಿವೆ. ಕರ್ನೂಲು ಜಿಲ್ಲೆ ಎಂದು ಅಚ್ಚಾಗಿದ್ದರೆ ಪುಸ್ತಕ ಅದಕ್ಕೂ ಹಿಂದಿನದು, ಅಥವಾ ಹಿಂದಿನದರ ನಕಲು. ಶ್ರೀಶೈಲದ ಅಣೆಕಟ್ಟಿನ ಹಿನ್ನೀರು ಏರಿದ ಮೇಲೆ ಕೃಷ್ಣಾ ತೀರದ ಹಳೆಯ ಊರು, ಗುಡಿ, ದಾರಿ ಎಷ್ಟೋ ಮುಳುಗಿದವು. ಅಲ್ಲಿನ ಸಂಗಮೇಶ್ವರ ದೇವಾಲಯ ವರ್ಷದ ಬಹುಪಾಲು ನೀರೊಳಗಿದ್ದು ಬೇಸಿಗೆಯಲ್ಲಿ ಮಟ್ಟ ಇಳಿದಾಗ ಮೇಲೆ ಬರುತ್ತದೆ. ‘ನದೀತೀರದಲ್ಲಿ ಸುಂದರ ದೇವಾಲಯವಿದೆ’ ಎಂದು ಬರೆದು ಮುಗಿಸಿದರೆ ಮಳೆಗಾಲದಲ್ಲಿ ಹೋದವರಿಗೆ ಕಾಣುವುದು ನೀರು ಮಾತ್ರ.

ಇನ್ನು ನಕಾಶೆ. 1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಎತ್ತರದ ಗೆರೆಗಳು ಇಪ್ಪತ್ತು ಮೀಟರಿಗೊಂದು. ಗೆರೆಗಳು ದೂರ ದೂರ ಇದ್ದರೆ ನೆಲ ಸಮ, ಒತ್ತಾದರೆ ಕಡಿದು. ಬಯಲಿನಲ್ಲಿ ಬೆಳೆದವರಿಗೆ ಈ ಗೆರೆ ಓದುವ ರೂಢಿ ಇರುವುದಿಲ್ಲ, ಏಕೆಂದರೆ ಇಂಡಿಯ ಹಾಳೆಯಲ್ಲಿ ಓದುವಂಥ ಗೆರೆಯೇ ಕಡಿಮೆ. ಒಂದು ಸಂಜೆ ಕೂತು ಬಾದಾಮಿ ಗುಡ್ಡದ ಹಾಳೆಯನ್ನು ತೆಗೆದುಕೊಂಡು, ಮತ್ತೊಂದು ದಿನ ಅದೇ ಗುಡ್ಡಕ್ಕೆ ಹೋಗಿ ಹೊಂದಿಸಿ ನೋಡಿದರೆ ರೂಢಿಯಾಗುತ್ತದೆ. ಕೃಷ್ಣೆ, ಘಟಪ್ರಭೆ ದಾಟಿದರೆ ಸಿಗುವ ಗುಡ್ಡ ಅದು. ಆಮೇಲೆ ಭೀಮನಕೊಳ್ಳದ ಹಾಳೆ ತೆರೆದರೆ ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ವಯಸ್ಸಾದವರನ್ನು ಕೂರಿಸಬೇಕು ಎಂದು ಮನೆಯಲ್ಲೇ ತಿಳಿಯುತ್ತದೆ. ನಕಾಶೆಯಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ. ಆದರೆ ಅದು ಈ ವರ್ಷದ ಸುದ್ದಿ ಹೇಳಲಾರದು.

ಮೊಬೈಲಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆತ್ಮಕೂರಿನಿಂದ ಶ್ರೀಶೈಲ ಎಂದು ಬರೆದರೆ ಅದು ದೋರ್ನಾಲದ ವಾಹನದ ರಸ್ತೆ ತೋರಿಸುತ್ತದೆ. ಯಾರೋ ನಡೆದು ಹಾಕಿದ ಜಿಪಿಎಸ್ ಗೆರೆ ಸಿಕ್ಕಿದರೆ ದಿಕ್ಕು ತಪ್ಪದಿರಲು ಒಳ್ಳೆಯದು. ಕಾಡಿನೊಳಗೆ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಮೊದಲೇ ಇಳಿಸಿಟ್ಟುಕೊಳ್ಳಬೇಕು. ವಿಡಿಯೋಗಳಲ್ಲಿ ಎರಡು ದಿನದ ನಡಿಗೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಬೊಬ್ಬೆ ಎದ್ದ ಕಾಲು ಅದರಲ್ಲಿ ಕಾಣುವುದಿಲ್ಲ.

ಪುಸ್ತಕ, ನಕಾಶೆ, ಮೊಬೈಲು ಎಲ್ಲಕ್ಕಿಂತ ಮೇಲಿನ ಮಾತು ಒಂದಿದೆ: ಅನುಮತಿ. ಈ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ಶಿವರಾತ್ರಿ, ಯುಗಾದಿಯ ದಿನಗಳಲ್ಲಿ ಅರಣ್ಯ ಇಲಾಖೆ ಪಾದಯಾತ್ರಿಗಳಿಗೆ ದಾರಿ ಬಿಡುತ್ತದೆ, ದೇವಸ್ಥಾನ ನೀರು, ನೆರಳಿನ ವ್ಯವಸ್ಥೆ ಮಾಡುತ್ತದೆ. ಆ ದಿನಗಳ ಅನುಭವವನ್ನು ಬರೆದ ಪುಸ್ತಕ ಓದಿ ಡಿಸೆಂಬರಿನಲ್ಲಿ ಹೋದವರಿಗೆ ಅಲ್ಲಿ ನೀರಿನ ತೊಟ್ಟಿಯೂ ಇರದು, ಒಳಗೆ ಬಿಡುವವರೂ ಇರರು. ಒಣಗಿದ ಎಲೆಯ ಕಾಲದಲ್ಲಿ ಕಾಡಿನೊಳಗೆ ಒಲೆ ಹೊತ್ತಿಸುವುದು ಅಪಾಯ. ಆದ್ದರಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಅಲ್ಲಿಗೆ ತಕ್ಕ ಬುತ್ತಿ. ಆಯಾ ವರ್ಷದ ಇಲಾಖೆಯ ಸೂಚನೆ ಯಾವ ಪುಸ್ತಕದಲ್ಲೂ ಇರಲಾರದು. ‘ಹೊರಡುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ’ ಎಂದು ಓದುಗರನ್ನು ತನ್ನಿಂದ ಆಚೆಗೆ ಕಳಿಸುವ ಪುಸ್ತಕವೇ ಭರವಸೆಯದು.

ನಮ್ಮ ಪಡುವಣ ಘಟ್ಟದಲ್ಲೂ ಹೀಗೇ ಆಗಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ರಾಜ್ಯ ಸರ್ಕಾರ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಡೆಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಬೇಕು. ಅದಕ್ಕೂ ಹಿಂದಿನ ಕೈಪಿಡಿಗಳಲ್ಲಿ ಇರುವ ‘ಗೇಟಿನಲ್ಲಿ ಹಣ ಕಟ್ಟಿ ಹತ್ತಬಹುದು’ ಎಂಬ ಮಾತು ನಂಬಿ ಸಿಂದಗಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಟ್ಟದ ಬುಡದಿಂದಲೇ ಮರಳಬೇಕಾದೀತು. ಮುಳ್ಳಯ್ಯನಗಿರಿಯ ಎತ್ತರವನ್ನು ಕೆಲವು ಪುಸ್ತಕ 1,925 ಮೀಟರು ಎನ್ನುತ್ತವೆ, ಕೆಲವು 1,930. ಐದು ಮೀಟರಿನ ವ್ಯತ್ಯಾಸದಿಂದ ಯಾರಿಗೂ ಏನೂ ಆಗುವುದಿಲ್ಲ. ನೋಂದಣಿ, ಮಂಜು, ಜಿಗಣೆ, ಕೊನೆಯ ಬಸ್ಸು, ಇವುಗಳಲ್ಲಿ ತಪ್ಪಾದರೆ ಆಗುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಘಟ್ಟದ ಗಿಡಮರಗಳನ್ನು ಪರಿಚಯಿಸುವುದರಲ್ಲಿ ಕನ್ನಡಕ್ಕೆ ಸಿಕ್ಕ ಭಾಗ್ಯ. ಅದನ್ನು ಓದಿ ಹೋದವರ ಕಣ್ಣು ತೆರೆದಿರುತ್ತದೆ. ಆದರೆ ಅದು ದಾರಿ ಹೇಳುವ ಪುಸ್ತಕವಲ್ಲ, ಹಾಗೆ ಹೇಳಿಕೊಂಡದ್ದೂ ಇಲ್ಲ.

ಹೊರಗಿನ ಒಂದು ಉದಾಹರಣೆ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಇಂಗ್ಲೆಂಡಿನ ಆಲ್ಫ್ರೆಡ್ ವೇನ್‌ರೈಟ್ 1955ರಿಂದ 1966ರವರೆಗೆ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಮೇಲೆ ಏಳು ಸಂಪುಟ ತಂದರು. ಪ್ರತಿ ದಾರಿಯನ್ನೂ ತಾವೇ ನಡೆದು, ಪ್ರತಿ ಪುಟವನ್ನೂ ಕೈಯಲ್ಲೇ ಬರೆದು, ಚಿತ್ರಿಸಿ. ಅಷ್ಟು ಶ್ರದ್ಧೆಯ ಪುಸ್ತಕವನ್ನೂ ಐವತ್ತು ವರ್ಷದ ಮೇಲೆ ಕ್ರಿಸ್ ಜೆಸ್ಟಿ ಮತ್ತೆ ಬೆಟ್ಟ ಹತ್ತಿ ಪರಿಷ್ಕರಿಸಬೇಕಾಯಿತು. ಹೊಸ ಆವೃತ್ತಿಗಳು 2005ರಿಂದ ಬಂದವು. ನಮಗೆ ಹತ್ತಿರದ ಮಹಾರಾಷ್ಟ್ರದಲ್ಲಿ ಹರೀಶ್ ಕಪಾಡಿಯಾ ಅವರ ಟ್ರೆಕ್ ದ ಸಹ್ಯಾದ್ರೀಸ್ ಮೇಲಿಂದ ಮೇಲೆ ಹೊಸ ಆವೃತ್ತಿ ಕಂಡಿದೆ. ಚಾರಣದ ಪುಸ್ತಕ ಕೊಳ್ಳುವಾಗ ಮರುಮುದ್ರಣದ ಸಂಖ್ಯೆ ನೋಡಿ ಮೋಸಹೋಗಬಾರದು. ಪರಿಷ್ಕೃತ ಆವೃತ್ತಿ ಯಾವ ವರ್ಷದ್ದು, ಏನನ್ನು ತಿದ್ದಿದ್ದಾರೆ ಎಂದು ಮುನ್ನುಡಿಯಲ್ಲಿ ಹೇಳಿದ್ದಾರೆಯೇ ನೋಡಬೇಕು.

ಈ ಎಲ್ಲ ಪುಸ್ತಕಗಳಲ್ಲಿ ಕಾಣದ ಸಂಗತಿ ಇನ್ನೊಂದಿದೆ, ಅದನ್ನು ಹೇಳದೆ ಬಿಡಲಾಗದು. ಮಲ್ಲಯ್ಯನ ದಾರಿಯಲ್ಲಿ ಹೆಂಗಸರ ಸಂಖ್ಯೆ ಸಣ್ಣದಲ್ಲ. ಭ್ರಮರಾಂಬೆಯನ್ನು ಮನೆಮಗಳೆಂದು ಬಗೆದು ಸೀರೆ, ಕುಪ್ಪಸ, ಅರಿಷಿಣ ಕುಂಕುಮ ಒಯ್ಯುವವರು ಅವರು. ಅವರಿಗೆ ಎಲ್ಲಿ ಮರೆ ಇದೆ, ಎಲ್ಲಿ ಸ್ನಾನ ಸಾಧ್ಯ, ಯಾವ ವಸ್ತಿಯಲ್ಲಿ ರಾತ್ರಿ ಬೆಳಕಿರುತ್ತದೆ, ಮುಟ್ಟಾದರೆ ಬೇಕಾದದ್ದು ಯಾವ ಊರಿನ ಅಂಗಡಿಯಲ್ಲಿ ಕೊನೆಯದಾಗಿ ಸಿಗುತ್ತದೆ ಎಂಬುದನ್ನು ಗಂಡಸರು ಬರೆದ ಕೈಪಿಡಿಗಳು ಮುಟ್ಟುವುದಿಲ್ಲ. ಅದು ಅತ್ತೆ ಸೊಸೆಗೆ, ನೆಗೆಣ್ಣಿ ನೆಗೆಣ್ಣಿಗೆ ಹೇಳಿಕೊಂಡು ಬಂದ ತಿಳಿವಳಿಕೆಯಾಗಿಯೇ ಉಳಿದಿದೆ. ಅರ್ಧ ದಾರಿಹೋಕರಿಗೆ ಬೇಕಾದದ್ದನ್ನು ಬಿಟ್ಟ ಪುಸ್ತಕವನ್ನು ಪೂರ್ಣ ಎನ್ನುವುದು ಹೇಗೆ?

ಹಾಗಾಗಿ ಸದ್ಯಕ್ಕೆ ಕಂಬಿಯ ಹಿರಿಯರೇ ನಮ್ಮ ಅತ್ಯಂತ ನಂಬಿಕೆಯ ಕೈಪಿಡಿ. ವರ್ಷ ವರ್ಷ ನಡೆದವರು, ಆಯಾ ವರ್ಷದ ಸುದ್ದಿ ಉಳ್ಳವರು, ಹಿಂದಿನವರು ಎಲ್ಲಿ ಕುಸಿದರೆಂಬುದು ಗೊತ್ತಿರುವವರು. ಅವರ ಕೊರತೆ ಒಂದೇ: ಕಂಬಿಯ ಜೊತೆ ಹೋಗದವರಿಗೆ ಆ ತಿಳಿವಳಿಕೆ ಸಿಗುವುದಿಲ್ಲ, ಊರಿಗೊಂದು ದಾರಿ, ಊರಿಗೊಂದು ವಸ್ತಿ. ಹರದಾರಿಯ ಲೆಕ್ಕದಲ್ಲಿ ಮಾತಾಡುವ ತಲೆಮಾರು ಈಗ ಮುಪ್ಪಿನಲ್ಲಿದೆ.

ಇದನ್ನು ಬರೆದಿಡುವ ಕೆಲಸ ದೊಡ್ಡ ಖರ್ಚಿನದಲ್ಲ. ವಿಜಯಪುರದಲ್ಲೇ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ನಾಲ್ಕೂ ತಾಲ್ಲೂಕುಗಳ ಹುಡುಗಿಯರು ಅಲ್ಲಿ ಓದುತ್ತಾರೆ, ಎಷ್ಟೋ ಜನರ ಮನೆಯಲ್ಲೇ ನಡೆದು ಬಂದ ಅಜ್ಜಿ, ಅವ್ವ ಇದ್ದಾರೆ. ಒಂದು ಯುಗಾದಿ ಮುಗಿದ ವಾರವೇ ಅವರನ್ನು ಕೂರಿಸಿ, ವಸ್ತಿಯಿಂದ ವಸ್ತಿಗೆ ಎಷ್ಟು ತಾಸು ಹಿಡಿಯಿತು, ಎಲ್ಲಿ ನೀರು ಕುಡಿದರು, ಆ ದಿನ ಯಾವ ತಾರೀಕು, ಯಾರ ಕಾಲು ಎಲ್ಲಿ ಸೋತಿತು ಎಂದು ಕೇಳಿ ಬರೆದುಕೊಳ್ಳಬೇಕು. ಮರುವರ್ಷ ಬೇರೆ ಊರಿನವರನ್ನು ಕೇಳಿ ಹೊಂದಿಸಬೇಕು. ಮಾರ್ಚಿನ ಯುಗಾದಿ ಒಂದು, ಏಪ್ರಿಲಿನ ಯುಗಾದಿ ಒಂದು ದಾಖಲಾದ ಮೇಲೆ ಅಚ್ಚಿಗೆ ಕೊಡಬಹುದು. ಪ್ರತಿ ನೀರಿನ ತಾಣದ ಮುಂದೆ ನೋಡಿದ ತಾರೀಕು, ಸಿಹಿಯೋ ಸವಳೋ ಎಂಬ ಮಾತು ಇರಲಿ. ಚೆಂಚು ಜನರನ್ನು ಕೇಳಿದ್ದರೆ ಅದನ್ನೂ ಹೇಳಲಿ, ಆ ಕಾಡನ್ನು ಅವರಷ್ಟು ಬಲ್ಲವರಿಲ್ಲ. ಜೇಬಿಗೆ ಹಿಡಿಯುವ ಅಳತೆ, ದಪ್ಪ ಅಕ್ಷರ, ಬೆವರಿಗೆ ಕರಗದ ಮಸಿ ಸಾಕು. ಬಣ್ಣದ ಚಿತ್ರಗಳಿಲ್ಲದಿದ್ದರೂ ನಡೆಯುತ್ತದೆ.